ಅರ್ಧ ಸ್ವಿಂಗ್ ಎಲ್ಲಿ ಕೆಡುತ್ತದೆ? ಗಾಲ್ಫ್‌ನಲ್ಲಿ ಸ್ವಿಂಗ್ ಉದ್ದದ ದೋಷ ಹುಡುಕುವ ಬಗೆ

ಗ್ರೀನ್‌ಗೆ (ಕುಳಿ ಇರುವ ನುಣುಪು ಹುಲ್ಲಿನ ಜಾಗಕ್ಕೆ) ಇನ್ನು 60 ಯಾರ್ಡ್. ಬಾಲು ಹುಲ್ಲಿನ ಮೇಲೆ ಚೆನ್ನಾಗಿ ಕೂತಿದೆ. ಮುಂದೆ ಬಂಕರ್ (ಮರಳಿನ ಗುಂಡಿ) ಇಲ್ಲ, ನೀರಿಲ್ಲ. ಇಡೀ ರೌಂಡ್‌ನಲ್ಲಿ ಇಷ್ಟು ಸಲೀಸಾದ ಹೊಡೆತ ಸಿಗುವುದೇ ಅಪರೂಪ. ನಾನು ಹತ್ತಿರದ ಹೊಡೆತಕ್ಕಿರುವ ಸ್ಯಾಂಡ್ ವೆಜ್ ಕ್ಲಬ್ಬನ್ನು ತೆಗೆದು, ಭುಜದ ಮೇಲಿನ ತನಕ ಹಿಂದಕ್ಕೆ ಎತ್ತಿ, ಇಳಿಸುವಾಗ 'ಜಾಸ್ತಿ ಆಯ್ತೇನೋ' ಅನ್ನಿಸಿ ಕೈ ಬಿಗಿ ಹಿಡಿದೆ. ಕ್ಲಬ್ಬು ಬಾಲಿಗಿಂತ ನಾಲ್ಕು ಬೆರಳು ಹಿಂದೆಯೇ ನೆಲ ಕಚ್ಚಿತು. ಅಂಗೈ ಅಗಲದ ಹುಲ್ಲುಹೆಂಟೆ ಎದ್ದು ಬಾಲಿನ ಪಕ್ಕದಲ್ಲೇ ಹೋಗಿ ಬಿತ್ತು. ಎರಡನೇ ಸಲ ಹುಷಾರಾಗಿ ಹೊಡೆದೆ. ಈ ಸಲ ಕ್ಲಬ್ಬಿನ ಅಂಚು ಬಾಲಿನ ಹೊಟ್ಟೆಗೆ ತಗುಲಿ, ಅದು ಮೊಣಕಾಲೆತ್ತರದಲ್ಲಿ ಗ್ರೀನ್ ದಾಟಿ ಹಿಂದಿನ ಪೊದೆಗೆ ಹೋಯಿತು.

ಬ್ಯಾಗ್ ಹೊತ್ತು ಜೊತೆಗೆ ಬರುವ ಕ್ಯಾಡಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: "ಸಾರ್, ಗಾಡಿ ಸ್ಪೀಡಾಗಿ ತಂದ್ಬಿಟ್ಟು ಹಂಪ್ ಮೇಲೆ ಬ್ರೇಕ್ ಹೊಡೆದ್ರೆ ಹಿಂಗೇ ಆಗೋದು."

ಅದಕ್ಕೆ ಮುಂಚೆ ನಾಲ್ಕು ತಿಂಗಳು ನಾನು ಎಲ್ಲವನ್ನೂ ಬೈದಿದ್ದೆ. ಗ್ರಿಪ್ ಸರಿಯಿಲ್ಲ ಅಂದುಕೊಂಡೆ. ವೆಜ್ ಹಳೆಯದು ಅಂದುಕೊಂಡೆ. ತಲೆ ಎತ್ತುತ್ತಿದ್ದೇನೆ ಅಂದುಕೊಂಡೆ. ತಲೆ ಎತ್ತಿದ್ದರಿಂದಲೇ ಎಲ್ಲ ಕೆಡುವುದು ಅನ್ನುವುದು ಗಾಲ್ಫ್‌ನಲ್ಲಿ ನೆಗಡಿಗೆ ಕಷಾಯ ಹೇಳಿದ ಹಾಗೆ. ಯಾರು ಬೇಕಾದರೂ ಹೇಳುತ್ತಾರೆ, ಯಾವ ಕಾಯಿಲೆಗೆ ಬೇಕಾದರೂ ಹೇಳುತ್ತಾರೆ. ನನ್ನ ತೊಂದರೆ ಅಷ್ಟೂ ದಿನ ಒಂದೇ ಆಗಿತ್ತು. ನಾನು ಅರ್ಧ ಸ್ವಿಂಗ್, ಅಂದರೆ ಕ್ಲಬ್ಬನ್ನು ಅರ್ಧ ಮಾತ್ರ ಹಿಂದಕ್ಕೆತ್ತಿ ಬೀಸುವುದನ್ನು, ಮಾಡುತ್ತಲೇ ಇರಲಿಲ್ಲ. ಪೂರ್ತಿ ಸ್ವಿಂಗ್ ಶುರು ಮಾಡಿ, ನಡುದಾರಿಯಲ್ಲಿ ಬ್ರೇಕ್ ಹಾಕಿ, ಅದಕ್ಕೆ ಅರ್ಧ ಸ್ವಿಂಗ್ ಅಂತ ಹೆಸರಿಟ್ಟಿದ್ದೆ.

ಇದೇ ತೊಂದರೆ ಇರುವವರು ನಮ್ಮ ರೇಂಜ್‌ನಲ್ಲೇ (ಅಭ್ಯಾಸದ ಮೈದಾನದಲ್ಲೇ) ಹತ್ತಾರು ಮಂದಿ ಇದ್ದಾರೆ. ಅದಕ್ಕೇ ದೋಷ ಹುಡುಕುವ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಬಲಗೈ ಆಟಗಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಎಡಗೈಯವರು ಎಡ ಇದ್ದಲ್ಲಿ ಬಲ ಅಂತ ಓದಿಕೊಳ್ಳಿ.

ಮೊದಲು ಅಳತೆ: ಗಡಿಯಾರದ ಲೆಕ್ಕ

ಅರ್ಧ, ಮುಕ್ಕಾಲು, ಫುಲ್ ಅನ್ನುವ ಮಾತು ಒಬ್ಬೊಬ್ಬರಿಗೆ ಒಂದೊಂದು. ಹಾಗಾಗಿ ಗಡಿಯಾರ ಒಳ್ಳೆಯದು. ನಿಮ್ಮ ಎದುರಿಗೆ ನಿಂತು ನೋಡುವವರ ಕಣ್ಣಿನಲ್ಲಿ ನಿಮ್ಮ ತಲೆ 12, ಬಾಲು 6. ನಿಮ್ಮ ಎಡಗೈ ಗಂಟೆಯ ಮುಳ್ಳು. ಕೈ ತೊಡೆ ದಾಟಿ ಸ್ವಲ್ಪ ಮೇಲೆ ಹೋದರೆ ಏಳೂವರೆ. ಎಡಗೈ ನೆಲಕ್ಕೆ ಸಮವಾಗಿ ಅಡ್ಡ ಬಂದರೆ ಒಂಬತ್ತು. ಭುಜ ದಾಟಿದರೆ ಹತ್ತೂವರೆ. ಅದಕ್ಕಿಂತ ಮೇಲೆ ಹೋದದ್ದು ಫುಲ್.

ಫುಲ್‌ಗೆ ಒಂದು ಗಂಟೆ ಹೇಳುವುದು ಕಷ್ಟ. ಭುಜ ಸುಮಾರು 90 ಡಿಗ್ರಿ ತಿರುಗಿರಬೇಕು, ಸೊಂಟ ಸುಮಾರು 45 ಅಂತ ಕೋಚ್‌ಗಳು ಹೇಳುತ್ತಾರೆ. ಡ್ರೈವರ್‌ನಲ್ಲಿ (ಅತಿ ದೂರ ಹೊಡೆಯುವ ಕ್ಲಬ್ಬು) ಶಾಫ್ಟ್, ಅಂದರೆ ಕ್ಲಬ್ಬಿನ ಕೋಲು, ನೆಲಕ್ಕೆ ಸಮಾನಾಂತರ ಬರಬೇಕು ಅಂತಲೂ ಹೇಳುತ್ತಾರೆ. ಇಪ್ಪತ್ತೈದರ ಹುಡುಗನಿಗೆ ಅದು ಸರಿ. ದಿನವಿಡೀ ಕುರ್ಚಿಯಲ್ಲಿ ಕೂತು ಸಂಜೆ ರೇಂಜ್‌ಗೆ ಬರುವ ನಮ್ಮಂಥವರಿಗೆ, ಮೈ ನೋಯದೆ ಎಲ್ಲಿಯ ತನಕ ತಿರುಗುತ್ತದೋ ಅದೇ ಫುಲ್.

ಇಲ್ಲೇ ಒಂದು ಲೆಕ್ಕ ತಿಳಿದಿರಲಿ, ಅರ್ಧ ಗೊಂದಲ ಇದರಿಂದಲೇ ಹುಟ್ಟುವುದು. ಅರ್ಧ ಸ್ವಿಂಗ್‌ಗೆ ಅರ್ಧ ದೂರ ಬರುವುದಿಲ್ಲ. ನನ್ನ ಪಿಚಿಂಗ್ ವೆಜ್ (ಸ್ಯಾಂಡ್ ವೆಜ್‌ಗಿಂತ ದೂರ ಹೊಡೆಯುವ ಕ್ಲಬ್ಬು) ಫುಲ್‌ನಲ್ಲಿ 110 ಯಾರ್ಡ್ ಹೋಗುತ್ತದೆ. ಒಂಬತ್ತು ಗಂಟೆಯಲ್ಲಿ 55 ಹೋಗಬೇಕಿತ್ತು ಅಲ್ವಾ? ಹೋಗುವುದು 75. ಎಡಗೈ ಅಡ್ಡ ಬರುವಷ್ಟರಲ್ಲಿ ಮಣಿಕಟ್ಟು ಮಡಿಚಿರುತ್ತದೆ, ಎದೆ ಸಾಕಷ್ಟು ತಿರುಗಿರುತ್ತದೆ. ವೇಗ ಹುಟ್ಟಿಸುವ ಸಾಮಾನು ಬಹುಪಾಲು ಆಗಲೇ ತಯಾರಾಗಿರುತ್ತದೆ. ಇದು ಗೊತ್ತಿಲ್ಲದವರು 55 ಯಾರ್ಡ್‌ಗೆ ಒಂಬತ್ತರ ತನಕ ಎತ್ತುತ್ತಾರೆ. ಒಂದೆರಡು ಸಲ ಗ್ರೀನ್ ದಾಟಿ ಹೋಗುತ್ತದೆ. ಮೂರನೇ ಸಲ ಕೈ ತಾನಾಗಿ ಬ್ರೇಕ್ ಹಾಕುತ್ತದೆ. ನನಗೂ ಬ್ರೇಕ್ ಅಂಟಿಕೊಂಡದ್ದು ಹೀಗೇ.

ಕಣ್ಣಲ್ಲಿ ನೋಡದೆ ಏನನ್ನೂ ತಿದ್ದಬೇಡಿ

ಮೊಬೈಲನ್ನು ಎದೆಗೆ ನೇರವಾಗಿ ಮೂರು ನಾಲ್ಕು ಮೀಟರ್ ದೂರದಲ್ಲಿ, ಸೊಂಟದ ಎತ್ತರಕ್ಕೆ ಇಡಿ. ಟ್ರೈಪಾಡ್ ಬೇಡ, ಗಾಲ್ಫ್ ಬ್ಯಾಗಿಗೆ ಒರಗಿಸಿದರೆ ಸಾಕು. ಸ್ಲೋ ಮೋಷನ್ ಹಾಕಿ. ಒಂಬತ್ತು ಗಂಟೆಗೆ ನಿಲ್ಲಿಸುತ್ತೇನೆ ಅಂತ ಮನಸ್ಸಿನಲ್ಲೇ ಹೇಳಿಕೊಂಡು ಐದು ಬಾಲು ಹೊಡೆಯಿರಿ. ಆಮೇಲೆ ನೋಡಿ.

ನಾನು ಮೊದಲ ಸಲ ನೋಡಿದಾಗ ಇದು ಯಾರೋ ಬೇರೆಯವರ ವಿಡಿಯೋ ಅನ್ನಿಸಿತು. ಒಂಬತ್ತು ಅಂದುಕೊಂಡದ್ದು ಹತ್ತೂವರೆ ಮುಟ್ಟಿತ್ತು. ಒಂದು ಸಲವಂತೂ ಹೆಚ್ಚುಕಡಿಮೆ ಫುಲ್. ಕೈ ನಿಂತರೂ ಕ್ಲಬ್ಬಿನ ತಲೆ ನಿಲ್ಲುವುದಿಲ್ಲ. ಅದರ ಭಾರಕ್ಕೆ ಮಣಿಕಟ್ಟು, ಮೊಣಕೈ ಇನ್ನಷ್ಟು ಹಿಂದಕ್ಕೆ ಎಳೆದುಕೊಂಡು ಹೋಗುತ್ತವೆ. ಹಾಗಾಗಿ ಒಂಬತ್ತಕ್ಕೆ ನಿಲ್ಲಬೇಕಾದರೆ ಎಂಟಕ್ಕೇ ನಿಲ್ಲಿಸಿದ ಹಾಗೆ ಅನ್ನಿಸಬೇಕು. ಮೊದಮೊದಲು ಇದು ವಿಚಿತ್ರವಾಗಿರುತ್ತದೆ. ಬಾಲು ಎಲ್ಲಿಗೂ ಹೋಗುವುದಿಲ್ಲ ಅನ್ನಿಸುತ್ತದೆ. ಹೋಗುತ್ತದೆ.

ವಿಡಿಯೋದಲ್ಲಿ ನೋಡಬೇಕಾದದ್ದು ಎರಡೇ. ಎಡಗೈ ಹಿಂದೆ ಎಲ್ಲಿಯ ತನಕ ಹೋಯಿತು? ಬಾಲು ಹೋದ ಮೇಲೆ ಕೈ ಮುಂದೆ ಎಲ್ಲಿ ನಿಂತಿತು? ಹಿಂದೆ ಒಂಬತ್ತು ಇದ್ದು ಮುಂದೆ ಮೂರು ಇದ್ದರೆ ಜೋಡಿ ಸರಿ. ಹಿಂದೆ ಹತ್ತೂವರೆ, ಮುಂದೆ ಐದು ಅಂದರೆ ಕಾಯಿಲೆ ಸಿಕ್ಕಿತು. ಉಯ್ಯಾಲೆ ಹಿಂದಕ್ಕೆ ಎಷ್ಟು ಹೋಗುತ್ತದೋ ಮುಂದಕ್ಕೂ ಅಷ್ಟೇ ಹೋಗುತ್ತದೆ. ನಡುವೆ ಯಾರಾದರೂ ಹಗ್ಗ ಹಿಡಿದರೆ ಮಾತ್ರ ಮುಂದಕ್ಕೆ ಕಡಿಮೆ ಆಗುವುದು.

ಲಕ್ಷಣ: ಅರ್ಧ ಸ್ವಿಂಗ್‌ನಲ್ಲಿ ಒಂದು ಸಲ ಮಣ್ಣು, ಒಂದು ಸಲ ಬಾಲಿನ ತಲೆ

ಇದೇ ಜಾಸ್ತಿ ಜನರ ಗೋಳು. ಇದನ್ನೇ ಸ್ವಲ್ಪ ನಿಧಾನವಾಗಿ ನೋಡೋಣ.

ಕ್ಲಬ್ಬಿನ ದಾರಿ ಒಂದು ಕಮಾನು. ಆ ಕಮಾನಿನ ತಳ ನೆಲಕ್ಕೆ ಎಲ್ಲಿ ತಾಕುತ್ತದೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಚೆನ್ನಾಗಿ ಹೊಡೆದಾಗ ಆ ತಳ ಬಾಲಿಗಿಂತ ಸ್ವಲ್ಪ ಮುಂದೆ, ಹೆಚ್ಚುಕಡಿಮೆ ಎಡ ಭುಜದ ಕೆಳಗೆ ಇರುತ್ತದೆ. ಮೊದಲು ಬಾಲು, ಆಮೇಲೆ ನೆಲ. ಡಿವಟ್, ಅಂದರೆ ಕ್ಲಬ್ಬು ಹುಲ್ಲು ಕಿತ್ತ ಗಾಯ, ಬಾಲಿದ್ದ ಜಾಗದಿಂದ ಶುರುವಾಗಿ ಮುಂದಕ್ಕೆ ಹೋಗುತ್ತದೆ.

ನೀವು ಬ್ರೇಕ್ ಹಾಕಿದಾಗ ಕೈಗಿಂತ ಮೊದಲು ನಿಲ್ಲುವುದು ಎದೆ. ಎದೆ ತಿರುಗುವುದು ನಿಂತರೆ ಕೈಗೂ ಮುಂದೆ ಹೋಗಲು ದಾರಿ ಇರುವುದಿಲ್ಲ. ಆದರೆ ಕ್ಲಬ್ಬಿನ ತಲೆಯಲ್ಲಿ ವೇಗ ಉಳಿದಿರುತ್ತದೆ. ಅದು ಕೈಯನ್ನು ದಾಟಿ ಮುಂದಕ್ಕೆ ಹೊರಳುತ್ತದೆ. ಆಗ ಕಮಾನಿನ ತಳ ಬಾಲಿಗಿಂತ ಹಿಂದೆ ಸರಿಯುತ್ತದೆ. ತಳದಲ್ಲಿ ಸಿಕ್ಕಿಕೊಂಡರೆ ಮಣ್ಣು. ತಳ ದಾಟಿ ಮೇಲೇಳುವಾಗ ಸಿಕ್ಕರೆ ಬಾಲಿನ ಹೊಟ್ಟೆ. ಎರಡಕ್ಕೂ ಕಾರಣ ಒಂದೇ. ಮಣ್ಣು ಹೊಡೆದವನಿಗೆ 'ಮೇಲಿಂದ ಹೊಡಿ', ಬಾಲಿನ ತಲೆ ಹೊಡೆದವನಿಗೆ 'ಕೆಳಗಿಂದ ಹೊಡಿ' ಅಂತ ಬೇರೆ ಬೇರೆ ಮದ್ದು ಕೊಟ್ಟರೆ ಅವನು ಒಂದರಿಂದ ಇನ್ನೊಂದಕ್ಕೆ ಓಡಾಡುತ್ತಲೇ ಇರುತ್ತಾನೆ.

ಪರೀಕ್ಷೆ ಹೀಗೆ. ಹುಲ್ಲು ತೆಗೆಯಲು ಬಿಡುವ ಅಭ್ಯಾಸದ ಜಾಗ ಇದ್ದರೆ ರಂಗೋಲಿ ಪುಡಿ ತೆಗೆದುಕೊಂಡು ಹೋಗಿ. ಸುಮ್ನೆ ಹೇಳುತ್ತಿಲ್ಲ, ನನ್ನ ಬ್ಯಾಗಿನಲ್ಲಿ ಈಗಲೂ ಒಂದು ಪೊಟ್ಟಣ ಇದೆ. ಎರಡು ಪಾದಗಳ ನಡುವಿನಿಂದ ಮುಂದಕ್ಕೆ ಒಂದು ಗೆರೆ ಎಳೆಯಿರಿ. ಬಾಲು ಇಡಬೇಡಿ. ಗೆರೆಯ ಮೇಲೇ ಬಾಲಿದೆ ಅಂದುಕೊಂಡು ಒಂಬತ್ತು ಗಂಟೆಯ ಸ್ವಿಂಗ್ ಹತ್ತು ಸಲ ಮಾಡಿ, ಪ್ರತಿ ಸಲವೂ ಗೆರೆಯ ಉದ್ದಕ್ಕೆ ಒಂದು ಹೆಜ್ಜೆ ಮುಂದೆ ಸರಿಯುತ್ತಾ. ಆಮೇಲೆ ನೋಡಿದರೆ ನೆಲವೇ ರಿಪೋರ್ಟ್ ಬರೆದಿರುತ್ತದೆ. ಗಾಯಗಳೆಲ್ಲ ಗೆರೆಯಿಂದ ನಿಮ್ಮ ಎಡಕ್ಕೆ, ಅಂದರೆ ಗುರಿಯ ಕಡೆಗೆ, ಇದ್ದರೆ ಸರಿ. ಗೆರೆಯ ಬಲಕ್ಕೆ ಶುರುವಾಗಿದ್ದರೆ ಬ್ರೇಕ್.

ರೇಂಜ್‌ನ ಕೃತಕ ಹುಲ್ಲಿನ ಮ್ಯಾಟ್ ಮೇಲೆ ಮಾತ್ರ ಇದು ಕಾಣುವುದಿಲ್ಲ. ಮ್ಯಾಟ್ ಸುಳ್ಳು ಹೇಳುತ್ತದೆ. ಎರಡು ಇಂಚು ಹಿಂದೆ ಬಿದ್ದ ಕ್ಲಬ್ಬು ಅಲ್ಲಿ ಜಾರಿಕೊಂಡು ಬಂದು ಬಾಲಿಗೆ ಚೆನ್ನಾಗಿಯೇ ತಾಗುತ್ತದೆ. ರೇಂಜ್‌ನಲ್ಲಿ ರಾಜ, ಕೋರ್ಸ್‌ನಲ್ಲಿ ಕೂಲಿ ಆಗುವುದು ಇದರಿಂದಲೇ. ಮ್ಯಾಟ್ ಮೇಲೆ ಆಡುವವರು ಮಡಿಸಿದ ಕರ್ಚೀಫನ್ನು ಬಾಲಿಗಿಂತ ಒಂದು ಗೇಣಿನಷ್ಟು ಹಿಂದೆ ಇಡಿ. ಕ್ಲಬ್ಬು ಬರುವಾಗ ಬಟ್ಟೆ ಅಲುಗಿದರೆ ಗೊತ್ತಾಯಿತು. ಅಲುಗದಿದ್ದರೆ ಸ್ವಲ್ಪ ಸ್ವಲ್ಪವೇ ಹತ್ತಿರ ತನ್ನಿ.

ಮದ್ದು: ಹಿಂದಕ್ಕೆ ಕಡಿಮೆ, ಮುಂದಕ್ಕೆ ಜಾಸ್ತಿ. ಏಳೂವರೆ ತನಕ ಮಾತ್ರ ಎತ್ತಿ, ಮೂರು ಗಂಟೆ ತನಕ ಹೋಗಿ ಅಲ್ಲೇ ನಿಲ್ಲಿ. ಬಾಲು ನೆಲಕ್ಕೆ ಬೀಳುವ ತನಕ ಕೈ ಇಳಿಸಬೇಡಿ. ನಿಂತಾಗ ಅಂಗಿಯ ಗುಂಡಿಗಳು ಗುರಿಯ ಕಡೆ ನೋಡುತ್ತಿರಬೇಕು. ಗುಂಡಿಗಳು ಇನ್ನೂ ಬಾಲಿದ್ದ ಜಾಗವನ್ನೇ ನೋಡುತ್ತಿದ್ದರೆ ಎದೆ ನಿಂತಿದೆ ಅಂತ ಅರ್ಥ. ಕಾಲು ಸ್ವಲ್ಪ ಹತ್ತಿರ ಇಟ್ಟುಕೊಳ್ಳಿ, ತೂಕ ಶುರುವಿನಿಂದಲೇ ಎಡಗಾಲಿನ ಮೇಲೆ ತುಸು ಜಾಸ್ತಿ ಇರಲಿ. ಚಿಕ್ಕ ಸ್ವಿಂಗ್‌ನಲ್ಲಿ ತೂಕ ಆಚೆಗೆ ಹೋಗಿ ಈಚೆಗೆ ಬರುವಷ್ಟು ಹೊತ್ತು ಇರುವುದಿಲ್ಲ.

ಎಳನೀರು ಮಾರುವವರ ಮಚ್ಚನ್ನು ನೋಡಿದ್ದೀರಲ್ಲ? ಬುಡ ಕೆತ್ತುವಾಗ ಮಚ್ಚು ದೊಡ್ಡದಾಗಿ ಮೇಲೇಳುತ್ತದೆ. ಕೊನೆಗೆ ಬಾಯಿ ತೆಗೆಯುವಾಗ ಒಂದು ಗೇಣು ಮಾತ್ರ ಏಳುತ್ತದೆ. ದೊಡ್ಡದಾಗಿ ಎತ್ತಿ ಮೆಲ್ಲಗೆ ಇಳಿಸುವುದನ್ನು ನಾನಂತೂ ನೋಡಿಲ್ಲ. ಹಾಗೆ ಮಾಡಿದರೆ ಮಚ್ಚು ಸಿಪ್ಪೆಯಲ್ಲೇ ಕಚ್ಚಿ ನಿಲ್ಲುತ್ತದೆ. ಬಲ ಕಡಿಮೆ ಬೇಕೆಂದರೆ ಎತ್ತುವುದನ್ನೇ ಕಡಿಮೆ ಮಾಡುತ್ತಾರೆ. ಇಳಿಸುವಾಗ ಹಿಂಜರಿಕೆ ಇಲ್ಲ. ನಾನು ಒಂದು ಸಂಜೆ ಎಳನೀರು ಕುಡಿಯುತ್ತಾ ನಿಂತು ಐದಾರು ಕಾಯಿ ಕೆತ್ತುವುದನ್ನು ನೋಡಿದೆ. ಮಾರನೇ ದಿನ ನನ್ನ ವೆಜ್ ಸ್ವಲ್ಪ ಮಾತು ಕೇಳಿತು.

ಲಕ್ಷಣ: ಬಾಲಿಗೆ ಚೆನ್ನಾಗಿ ತಾಗುತ್ತದೆ, ದೂರ ಮಾತ್ರ ದಿನಕ್ಕೊಂದು

ಮೊದಲು ತಾಗುವುದು ನಿಜವಾಗಿಯೂ ಒಂದೇ ಜಾಗದಲ್ಲಾ ಅಂತ ನೋಡಿ. ವೈಟ್‌ಬೋರ್ಡ್ ಮಾರ್ಕರ್‌ನಿಂದ ಬಾಲಿನ ಬೆನ್ನಿಗೆ ದಪ್ಪ ಚುಕ್ಕಿ ಇಡಿ. ಹೊಡೆದ ಮೇಲೆ ಆ ಬಣ್ಣ ಕ್ಲಬ್ಬಿನ ಮುಖದ ಮೇಲೆ ಅಂಟಿರುತ್ತದೆ. ಒಮ್ಮೆ ತುದಿಯಲ್ಲಿ, ಒಮ್ಮೆ ಬುಡದಲ್ಲಿ ಇದ್ದರೆ ಅದು ಉದ್ದದ ತೊಂದರೆಯಲ್ಲ, ನೀವು ಬಾಲಿನಿಂದ ನಿಲ್ಲುವ ದೂರ ಬದಲಾಗುತ್ತಿದೆ. ಮುಂದಿನದನ್ನು ಓದುವ ಮೊದಲು ಅದನ್ನು ಸರಿಮಾಡಿ.

ಗುರುತು ಒಂದೇ ಕಡೆ ಇದ್ದರೆ ಉಳಿಯುವುದು ಎರಡು: ಉದ್ದ ಬದಲಾಗುತ್ತಿದೆ, ಇಲ್ಲವೇ ಲಯ ಬದಲಾಗುತ್ತಿದೆ. ವಿಡಿಯೋದಲ್ಲಿ ಐದಕ್ಕೆ ಐದೂ ಒಂಬತ್ತಕ್ಕೇ ನಿಂತಿದ್ದು, ಬಾಲು ಮಾತ್ರ ಒಂದು 45ಕ್ಕೆ, ಒಂದು 65ಕ್ಕೆ ಬಿದ್ದಿದ್ದರೆ ಲಯವನ್ನು ಹಿಡಿಯಿರಿ. ಅಲ್ಲಿ ಅಡಗಿರುವ ಕಳ್ಳ ಅವಸರ.

ಒಳ್ಳೆಯ ಆಟಗಾರರು ಫುಲ್ ಸ್ವಿಂಗ್‌ನಲ್ಲಿ ಹಿಂದಕ್ಕೆ ಎತ್ತಲು ಸುಮಾರು ಮುಕ್ಕಾಲು ಸೆಕೆಂಡ್ ತೆಗೆದುಕೊಂಡರೆ ಇಳಿಸಿ ಬಾಲಿಗೆ ತರಲು ಕಾಲು ಸೆಕೆಂಡ್. ಮೂರಕ್ಕೆ ಒಂದು. ಅರ್ಧ ಸ್ವಿಂಗ್‌ನಲ್ಲೂ ಹೆಚ್ಚುಕಡಿಮೆ ಅದೇ ಹೊತ್ತು ಹಿಡಿಯಬೇಕು. ಮತ್ತೆ ಉಯ್ಯಾಲೆಯನ್ನೇ ನೋಡಿ. ಚಿಕ್ಕದಾಗಿ ತೂಗಿದರೂ ಸ್ವಲ್ಪ ದೊಡ್ಡದಾಗಿ ತೂಗಿದರೂ ಒಂದು ಸಲ ಹೋಗಿ ಬರಲು ಸುಮಾರು ಅಷ್ಟೇ ಹೊತ್ತು. ನಾವು ಮಾಡುವ ತಪ್ಪು, ದಾರಿ ಚಿಕ್ಕದಾಯಿತು ಅಂತ ಬೇಗ ಬೇಗ ಹೊಡೆಯುವುದು. 'ಒಂದು, ಎರಡು, ಮೂರು, ಹೊಡಿ' ಅಂತ ಮನಸ್ಸಿನಲ್ಲಿ ಎಣಿಸಿ. ಏಳೂವರೆಗೂ ಅದೇ ಎಣಿಕೆ, ಫುಲ್‌ಗೂ ಅದೇ ಎಣಿಕೆ. ಬಾಯಿಬಿಟ್ಟು ಎಣಿಸಿದರೆ ಇನ್ನೂ ಒಳ್ಳೆಯದು, ಪಕ್ಕದ ಮ್ಯಾಟ್‌ನವರು ಒಂದು ದಿನ ನಗುತ್ತಾರೆ, ಅಷ್ಟೇ.

ಹಿಡಿತ ಎಲ್ಲಿದೆ ಅಂತಲೂ ನೋಡಿಕೊಳ್ಳಿ. ಕೆಲವರು ಚಿಕ್ಕ ಹೊಡೆತಕ್ಕೆ ಗ್ರಿಪ್‌ನಲ್ಲಿ ಕೆಳಕ್ಕೆ ಹಿಡಿಯುತ್ತಾರೆ, ಒಳ್ಳೆಯದೇ. ಆದರೆ ಒಂದು ದಿನ ಒಂದು ಇಂಚು, ಇನ್ನೊಂದು ದಿನ ಎರಡು ಇಂಚು ಆದರೆ ಲೆಕ್ಕ ತಪ್ಪುತ್ತದೆ. ಒಂದು ಇಂಚಿಗೆ ನನ್ನ ಲೆಕ್ಕದಲ್ಲಿ ಐದಾರು ಯಾರ್ಡ್ ಕಡಿಮೆ.

ಲಕ್ಷಣ: ಫುಲ್ ಸ್ವಿಂಗ್ ಜಾಸ್ತಿ ಉದ್ದ

ಡ್ರೈವರ್ ಕೈಗೆ ಬಂದರೆ ನಮ್ಮಲ್ಲಿ ಅನೇಕರಿಗೆ ದೇವರು ಮೈಮೇಲೆ ಬರುತ್ತಾನೆ. ಕ್ಲಬ್ಬು ತಲೆಯ ಹಿಂದೆ ಹೋಗಿ, ಸುತ್ತಿಕೊಂಡು, ಎಡ ಕಿವಿಯ ಹತ್ತಿರ ಬಂದು ಇಣುಕುತ್ತದೆ. ಕೇಳಿದರೆ ಜಾನ್ ಡೇಲಿ ಹೆಸರು ಹೇಳುತ್ತಾರೆ. ನಿಜ, 1991ರ ಪಿಜಿಎ ಚಾಂಪಿಯನ್‌ಶಿಪ್ ಗೆದ್ದ ಡೇಲಿಯ ಶಾಫ್ಟ್ ಸಮಾನಾಂತರ ದಾಟಿ ಎಷ್ಟೋ ಕೆಳಗೆ ಹೋಗುತ್ತಿತ್ತು. ಆದರೆ ಅಷ್ಟು ಭುಜ ತಿರುಗಿಸುವ ಮೈ ಅವನಿಗಿತ್ತು.

ನಿಮ್ಮ ಉದ್ದ ಮೈ ತಿರುಗಿ ಬಂದದ್ದೋ, ಕೀಲು ಸಡಿಲಾಗಿ ಬಂದದ್ದೋ? ಇದೊಂದನ್ನು ಕಂಡುಹಿಡಿದರೆ ಸಾಕು. ಸಡಿಲಾಗುವ ಜಾಗ ಮೂರು.

ಒಂದು, ಎಡಗೈಯ ಕೊನೆಯ ಮೂರು ಬೆರಳು. ಹಳೇ ಬಸ್ ಟಿಕೆಟ್ ಒಂದನ್ನು ಮಡಿಸಿ ಎಡ ಅಂಗೈಯ ಹಿಮ್ಮಡಿಗೂ ಗ್ರಿಪ್‌ಗೂ ನಡುವೆ ಸಿಕ್ಕಿಸಿ. ಸ್ವಿಂಗ್ ಮಾಡಿ. ಮೇಲೆ ಹೋದಾಗ ಟಿಕೆಟ್ ಬಿದ್ದರೆ ಬೆರಳು ಬಿಚ್ಚಿಕೊಳ್ಳುತ್ತಿವೆ, ಕ್ಲಬ್ಬು ಕೈಯಲ್ಲೇ ಕುಣಿಯುತ್ತಿದೆ.

ಎರಡು, ಎಡ ಮೊಣಕೈ. ಸ್ವಲ್ಪ ಬಾಗಿದರೆ ಪರವಾಗಿಲ್ಲ. ಚೀಲ ಹೊತ್ತ ಹಾಗೆ ಮಡಿಚಿಕೊಂಡರೆ ತೊಂದರೆ. ಮೈ ತಿರುಗುವುದು ಆಗಲೇ ಮುಗಿದಿರುತ್ತದೆ, ಉಳಿದ ದಾರಿಯನ್ನು ಮೊಣಕೈ ಒಂದೇ ನಡೆದಿರುತ್ತದೆ. ಇಳಿಯುವಾಗ ಅದು ಮತ್ತೆ ನೆಟ್ಟಗಾಗಬೇಕು. ಅದಕ್ಕೆ ಇರುವುದು ಕಾಲು ಸೆಕೆಂಡ್.

ಮೂರು, ತೂಕ. ಮೇಲೆ ಹೋದಾಗ ಒಂದು ಕ್ಷಣ ನಿಂತು ಎಡ ಹಿಮ್ಮಡಿ ಎತ್ತಲು ನೋಡಿ. ಸಲೀಸಾಗಿ ಎದ್ದರೆ ತೂಕ ಬಲಗಾಲಿನ ಮೇಲಿದೆ, ಸರಿ. ಎತ್ತಲು ಆಗದಿದ್ದರೆ ನೀವು ಉದ್ದ ತರುವ ಆಸೆಯಲ್ಲಿ ಎಡಕ್ಕೆ ವಾಲಿದ್ದೀರಿ. ಸೊಂಟ ನೋಯುವುದಕ್ಕೂ ಇದು ಒಂದು ದಾರಿ.

ಇದಕ್ಕೆ ಮದ್ದು ನನ್ನ ಮಟ್ಟಿಗೆ ಒಂದೇ: ಹತ್ತೂವರೆಗೆ ನಿಲ್ಲಿಸಿದ ಹಾಗೆ ಅನ್ನಿಸುವ ಸ್ವಿಂಗ್. ವಿಡಿಯೋದಲ್ಲಿ ಅದೇ ಫುಲ್ ಆಗಿ ಕಾಣುತ್ತದೆ. ಒಂದು ವಾರ ಏಳನೇ ಐರನ್ (ಮಧ್ಯಮ ದೂರದ ಕ್ಲಬ್ಬು) ಬಿಟ್ಟು ಬೇರೇನೂ ಮುಟ್ಟಬೇಡಿ. ದೂರ ಕಡಿಮೆಯಾಗುತ್ತದೆ ಅನ್ನುವ ಭಯ ಎಲ್ಲರಿಗೂ ಇರುತ್ತದೆ. ಬಾಲು ಮುಖದ ನಡುವೆ ತಾಗಲು ಶುರುವಾದ ಮೇಲೆ ಆ ಭಯ ತಾನಾಗಿ ಹೋಗುತ್ತದೆ.

ಲಕ್ಷಣ: ಫುಲ್ ಸ್ವಿಂಗ್ ತುಂಬಾ ಚಿಕ್ಕದು

ಇದು ಬಹಳ ಸಲ ದೋಷವೇ ಅಲ್ಲ. ಜಾನ್ ರಾಮ್ ಸ್ವಿಂಗ್ ನೋಡಿ. 2021ರ ಯುಎಸ್ ಓಪನ್, 2023ರ ಮಾಸ್ಟರ್ಸ್ ಗೆದ್ದವನು. ಹುಟ್ಟುವಾಗಲೇ ಬಲಪಾದ ತಿರುಚಿಕೊಂಡಿತ್ತು, ಆ ಪಾದದ ಕೀಲು ಹೆಚ್ಚು ತಿರುಗುವುದಿಲ್ಲ, ಅದಕ್ಕೇ ನನ್ನ ಬ್ಯಾಕ್‌ಸ್ವಿಂಗ್ ಚಿಕ್ಕದು ಅಂತ ಅವನೇ ವಿವರಿಸಿದ್ದಾನೆ. ಇನ್ನೊಬ್ಬ ವೃತ್ತಿಪರ ಆಟಗಾರ ಟೋನಿ ಫಿನೌ ಕೂಡ ಚಿಕ್ಕದಾಗಿಯೇ ಎತ್ತುತ್ತಾನೆ, ಬಾಲು ಮಾತ್ರ ಎಲ್ಲೋ ಹೋಗಿ ಬೀಳುತ್ತದೆ.

ದೋಷ ಆಗುವುದು ಯಾವಾಗ? ಎತ್ತಿ ಮುಗಿಯುವ ಮೊದಲೇ ಇಳಿಸಲು ಶುರು ಮಾಡಿದಾಗ. ಕುರ್ಚಿಯ ಮೇಲೆ ನೆಟ್ಟಗೆ ಕೂತು, ಕ್ಲಬ್ಬನ್ನು ಎದೆಗೆ ಅಡ್ಡ ಹಿಡಿದು ಬಲಕ್ಕೆ ತಿರುಗಿ ನೋಡಿ. ಇಲ್ಲಿ ಸಲೀಸಾಗಿ ತಿರುಗುವ ಎದೆ ಆಟದಲ್ಲಿ ಅರ್ಧಕ್ಕೇ ನಿಂತರೆ ಅದು ಅವಸರ. ಕುರ್ಚಿಯಲ್ಲೂ ತಿರುಗದಿದ್ದರೆ ಅದು ಮೈ. ಅವಸರಕ್ಕೆ ಎಣಿಕೆ ಇದೆ. ಮೈಗೆ ವ್ಯಾಯಾಮ ಬೇಕು, ಬೆನ್ನು ನೋವಿದ್ದರೆ ಡಾಕ್ಟರ್. ಯೂಟ್ಯೂಬ್ ನೋಡಿ ಬೆನ್ನು ತಿರುಚಬೇಡಿ.

ಉದ್ದದ ದೋಷದ ವೇಷ ಹಾಕುವ ಬೇರೆ ತೊಂದರೆಗಳು

ಬೇಸಗೆಯಲ್ಲಿ ನೆಲ ಒಣಗಿ ಗಟ್ಟಿಯಾಗಿರುತ್ತದೆ. ಸ್ಯಾಂಡ್ ವೆಜ್‌ನ ತಳ ದಪ್ಪ, ಮರಳಿನಲ್ಲಿ ಹೂತುಹೋಗದಿರಲಿ ಅಂತಲೇ ಹಾಗೆ ಮಾಡಿರುತ್ತಾರೆ. ಗಟ್ಟಿ ನೆಲಕ್ಕೆ ಆ ತಳ ಬಡಿದು ಪುಟಿದರೆ ಬಾಲಿನ ಹೊಟ್ಟೆಗೆ ತಾಗುತ್ತದೆ. ಸ್ವಿಂಗ್ ಸರಿಯಾಗೇ ಇರುತ್ತದೆ. ಅಂಥ ದಿನ ಪಿಚಿಂಗ್ ವೆಜ್ ತೆಗೆದು ಚಿಕ್ಕದಾಗಿ ಆಡಿ. ಮಳೆಗಾಲದಲ್ಲಿ ಇದಕ್ಕೆ ತಿರುಗಾಮುರುಗಾ. ತೆಳು ಅಂಚಿನ ಕ್ಲಬ್ಬು ಕೆಸರಿನಲ್ಲಿ ಕೂತುಬಿಡುತ್ತದೆ, ದಪ್ಪ ತಳವೇ ಕಾಪಾಡುತ್ತದೆ.

ರೇಂಜ್ ಬಾಲಿನ ಮೇಲೆ ದೂರದ ಲೆಕ್ಕ ಕಟ್ಟಬೇಡಿ. ಸವೆದ ಬಾಲು ಕಡಿಮೆ ಹೋಗುತ್ತದೆ, ಸ್ಪಿನ್ ಕೂಡ ಬೇರೆ. ಲೆಕ್ಕಕ್ಕೆ ನೀವು ಆಡುವ ಬಾಲನ್ನೇ ಹತ್ತು ತೆಗೆದುಕೊಂಡು, ಮೈದಾನ ಖಾಲಿ ಇರುವಾಗ ಹೊಡೆದು, ನಡೆದು ಅಳೆಯಿರಿ.

ಇನ್ನೊಂದು ನೆಪ ಎತ್ತರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಗಾಳಿ ತೆಳು, ಬಾಲು ಸ್ವಲ್ಪ ಜಾಸ್ತಿ ಹೋಗುತ್ತದೆ. ಇಲ್ಲಿಯವರು ಮಂಗಳೂರಿಗೆ ಹೋಗಿ ಆಡಿದಾಗ ಡ್ರೈವ್ ಐದಾರು ಯಾರ್ಡ್ ಕಡಿಮೆ ಬಿದ್ದರೆ ಗಾಬರಿ ಬೇಡ. ಆದರೆ 60 ಯಾರ್ಡ್ ಹೊಡೆತದಲ್ಲಿ ಅದರ ಪಾಲು ಎರಡು ಯಾರ್ಡೂ ಆಗುವುದಿಲ್ಲ. ಹತ್ತು ಯಾರ್ಡ್ ಕಡಿಮೆ ಬಿದ್ದದ್ದಕ್ಕೆ ಅರಬ್ಬೀ ಸಮುದ್ರವನ್ನು ದೂರುವಂತಿಲ್ಲ.

ಸರಿಯಾಗಿದೆಯಾ ಅಂತ ಗೊತ್ತಾಗುವುದು ಹೇಗೆ

ಅಭ್ಯಾಸವನ್ನು ಚಿಕ್ಕದರಿಂದ ದೊಡ್ಡದಕ್ಕೆ ಕಟ್ಟಿ. ನಮ್ಮ ರೇಂಜ್‌ನಲ್ಲಿ ಬಾಲಿನ ಬುಟ್ಟಿ ಬಂದ ಕೂಡಲೇ ಡ್ರೈವರ್ ಎತ್ತುವವರೇ ಜಾಸ್ತಿ. ನಾನು ಮೊದಲ ಇಪ್ಪತ್ತು ಬಾಲು ಏಳೂವರೆಗೆ, ಮುಂದಿನ ಇಪ್ಪತ್ತು ಒಂಬತ್ತಕ್ಕೆ, ಆಮೇಲೆ ಹತ್ತು ಹತ್ತೂವರೆಗೆ ಹೊಡೆಯುತ್ತೇನೆ. ಫುಲ್‌ಗೆ ಬರುವ ಹೊತ್ತಿಗೆ ಮೈ ಬಿಸಿಯಾಗಿರುತ್ತದೆ, ಲಯ ಕೂತಿರುತ್ತದೆ. ಮಧ್ಯೆ ಎಲ್ಲಾದರೂ ಮಣ್ಣು ಎದ್ದರೆ ಒಂದು ಮೆಟ್ಟಿಲು ಕೆಳಗೆ ಇಳಿಯುತ್ತೇನೆ. ಒಂಬತ್ತಕ್ಕೆ ಸರಿಯಾಗಿ ತಾಗದವನು ಫುಲ್‌ನಲ್ಲಿ ಸರಿಯಾಗಿ ತಾಗಿಸಿದರೆ ಅದು ಅದೃಷ್ಟ.

ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವಳಾಗಿ ಮುಗಿಸಿದ್ದು ನೆನಪಿದೆಯಲ್ಲ? 2021ರ ಆ ಶನಿವಾರ ಬೆಳಗ್ಗೆ ಗಾಲ್ಫ್ ಅಂದರೇನು ಅಂತ ಗೊತ್ತಿಲ್ಲದವರೂ ಟಿವಿ ಮುಂದೆ ಕೂತಿದ್ದರು. ಟೀ ಹೊಡೆತದ (ಪ್ರತಿ ಕುಳಿಯ ಮೊದಲ ಹೊಡೆತ) ದೂರದಲ್ಲಿ ಅವಳು ಹಿಂದಿದ್ದಳು. ಪದಕದ ಹತ್ತಿರ ತಂದದ್ದು ಗ್ರೀನ್ ಹತ್ತಿರದ ಆಟ, ಪಟಿಂಗ್ (ಬಾಲನ್ನು ಕುಳಿಗೆ ಉರುಳಿಸುವುದು). ನಮ್ಮ ರೇಂಜ್‌ನಲ್ಲಿ ಮರುದಿನವೂ ಎಲ್ಲರೂ ಡ್ರೈವರ್ ಕ್ಲಬ್ಬನ್ನೇ ಎತ್ತಿದರು ಅನ್ನುವುದು ಬೇರೆ ಮಾತು.

ಎರಡು ಮೂರು ವಾರ ಆದಮೇಲೆ ನಿಮ್ಮದೇ ಪಟ್ಟಿ ಬರೆಯಿರಿ. ನನ್ನದು ಹೀಗಿದೆ. ಮುಖ 56 ಡಿಗ್ರಿ ಓರೆಯಿರುವ ಸ್ಯಾಂಡ್ ವೆಜ್: ಏಳೂವರೆಗೆ 35 ಯಾರ್ಡ್, ಒಂಬತ್ತಕ್ಕೆ 55, ಹತ್ತೂವರೆಗೆ 70, ಫುಲ್ 80. ಪಿಚಿಂಗ್ ವೆಜ್: 45, 75, 95, 110. ಎರಡು ಕ್ಲಬ್ಬು, ನಾಲ್ಕು ಉದ್ದ, ಎಂಟು ದೂರ. ಮೊದಲು 80ಕ್ಕೂ 110ಕ್ಕೂ ನಡುವೆ ಬಾಲು ನಿಂತರೆ ನನಗೆ ಹೊಟ್ಟೆಯಲ್ಲಿ ಸಂಕಟ. ಸ್ಯಾಂಡ್ ವೆಜ್‌ನಲ್ಲಿ ಜೋರಾಗಿ ಬೀಸಲೋ, ಪಿಚಿಂಗ್ ವೆಜ್‌ನಲ್ಲಿ ಮೆಲ್ಲಗೆ ಆಡಲೋ? ಈಗ 95 ಅಂದರೆ ಪಿಚಿಂಗ್ ವೆಜ್, ಹತ್ತೂವರೆ. ಯೋಚನೆ ಇಲ್ಲ. ನನ್ನ ಸಂಖ್ಯೆ ನಿಮಗೆ ಬರುವುದಿಲ್ಲ, ನಿಮ್ಮದನ್ನು ನೀವೇ ಅಳೆಯಬೇಕು.

ಇಷ್ಟಾದರೂ ಬ್ರೇಕ್ ಪೂರ್ತಿ ಹೋಗಿಲ್ಲ. ಪಂದ್ಯ ಇದ್ದ ದಿನ, ಪಿನ್ (ಕುಳಿಯ ಬಾವುಟ) ಮುಂದೆ ನೀರಿದ್ದಾಗ, ಕೈ ಈಗಲೂ ಒಮ್ಮೊಮ್ಮೆ ಹಗ್ಗ ಹಿಡಿಯುತ್ತದೆ. ಆಗ ಹೊಡೆಯುವ ಮೊದಲು ಎರಡು ಸಲ ಖಾಲಿ ಸ್ವಿಂಗ್ ಮಾಡಿ, ಮೂರು ಗಂಟೆಯಲ್ಲಿ ನಿಂತು, ಅಂಗಿಯ ಗುಂಡಿ ಎತ್ತ ನೋಡುತ್ತಿದೆ ಅಂತ ಬಗ್ಗಿ ನೋಡಿಕೊಳ್ಳುತ್ತೇನೆ. ಪಟ್ಟಿ ಜೇಬಿನ ಚಿಕ್ಕ ಡೈರಿಯಲ್ಲಿದೆ. ಕ್ಯಾಡಿಗೆ ಅದು ಬಾಯಿಪಾಠ. ಹೋದ ವಾರ ಗ್ರೀನ್‌ಗೆ 55 ಇತ್ತು. ನಾನು ಡೈರಿ ತೆಗೆಯುವ ಮೊದಲೇ ಸ್ಯಾಂಡ್ ವೆಜ್ ಕೈಗಿಟ್ಟು, "ಒಂಬತ್ತು ಗಂಟೆ ಸಾರ್, ಹಂಪ್ ಇಲ್ಲ, ಹೋಗ್ತಾ ಇರಿ" ಅಂದ.